ಬಹಿರಂಗದ ಬೀಗ

ಗುಟ್ಟಾಗಿಡುವುದೆಂದರೆ ತಪ್ಪೊಂದನ್ನು ಮರೆಸುವುದೆಂದೇ ನಮ್ಮಲ್ಲಿ ಅನೇಕರ ಎಣಿಕೆ. ಆದರೆ ವೈದ್ಯನಿಗೆ ನಾವು ಬರೆದ ಕಾಗದವನ್ನು ದಾರಿಯಲ್ಲಿ ಒಬ್ಬನು ಒಡೆದು ಓದಿದರೆ ಸಹಿಸುವೆವೆ? ಗುಟ್ಟಿಗೂ ಕಪಟಕ್ಕೂ ಇರುವ ಅಂತರವನ್ನು ವಿಚಾರಿಸಲು ಗಣಿತದ ಒಂದು ಯುಕ್ತಿ ನೆರವಾಗಬಲ್ಲುದು.

ಹಿಂದಿನ ಗೂಢಲಿಪಿಗಳಲ್ಲಿ ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಕೀಲಿ. ಅದನ್ನು ಇಬ್ಬರೂ ಮೊದಲೇ ಹಂಚಿಕೊಂಡಿರಬೇಕು. ಹಂಚುವಾಗಲೇ ಕಳವಾದರೆ ಮುಗಿಯಿತು. ಕೀಲಿಗಳನ್ನು ಎರಡಾಗಿಸಬಹುದೆಂದು 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದರು. ಮುಚ್ಚುವ ಕೀಲಿಯನ್ನು ಊರಿಗೆಲ್ಲ ಸಾರಬಹುದು. ತೆರೆಯುವುದು ಒಡೆಯನಲ್ಲಿಯೇ ಉಳಿಯುವುದು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅವಿಭಾಜ್ಯ ಸಂಖ್ಯೆಗಳಿಂದ ಇದನ್ನು ಸಾಧಿಸಿದರು.

ವಿದ್ಯಾರ್ಥಿಗಳು ಹಲಗೆಯ ಮೇಲೆ ಮಾಡಿ ನೋಡಲಿ. 3ನ್ನು 11ರಿಂದ ಗುಣಿಸಿದರೆ 33. ಈ 33 ಹಾಗೂ 3 ಬಹಿರಂಗದ ಕೀಲಿ, 7 ಗುಟ್ಟಿನದು. ಕಳುಹಬೇಕಾದ ಸಂಖ್ಯೆ 4 ಎನ್ನೋಣ. ಅದರ ಘನ 64. 33ರಿಂದ ಭಾಗಿಸಲು ಶೇಷ 31. ದಾರಿಯಲ್ಲಿ ಹೋಗುವುದು ಈ 31 ಮಾತ್ರ. ಪಡೆದವನು 31ರ ಏಳನೆಯ ಘಾತವನ್ನು 33ರಿಂದ ಭಾಗಿಸಿದರೆ ಶೇಷವಾಗಿ 4 ಮರಳಿ ದೊರೆಯುವುದು. (ಏಳನೆಯ ಘಾತವೆಂದು ಅಂಜಬೇಕಾಗಿಲ್ಲ, 31ರ ಬದಲು –2ನ್ನು ಹಿಡಿದರೆ ಲೆಕ್ಕ ಹಗುರ.) 33ರ ಅಪವರ್ತನಗಳನ್ನು ಬಲ್ಲವನಿಗೆ 7 ಸಿಕ್ಕೀತು. 33ನ್ನು ಒಡೆಯುವುದು ಮಕ್ಕಳಾಟ. 600ಕ್ಕೂ ಮಿಕ್ಕ ಅಂಕಿಗಳ, ಚೆನ್ನಾಗಿ ಆಯ್ದ ಸಂಖ್ಯೆಯನ್ನು ಒಡೆಯುವುದು ಇಂದಿನ ಯಂತ್ರಗಳಿಗೂ ಸಾಧ್ಯವಾಗಿಲ್ಲ.

ಇಲ್ಲಿ ವಿಧಾನವನ್ನು ಯಾರೂ ಬಚ್ಚಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಬಚ್ಚಿಟ್ಟವರೂ ಉಂಟು. ಬ್ರಿಟನ್ ಸರಕಾರದ ಗೂಢಲಿಪಿ ಇಲಾಖೆಯಲ್ಲಿ ಎಲ್ಲಿಸ್ ಎಂಬವರು ಇಂಥದು ಸಾಧ್ಯವೆಂದು 1970ರಲ್ಲೇ ತೋರಿದ್ದರು. 1973ರಲ್ಲಿ ಕಾಕ್ಸ್ ಎಂಬ ತರುಣರು ಅದನ್ನು ಲೆಕ್ಕಕ್ಕೆ ಇಳಿಸಿದರು. ಇಲಾಖೆ 1997ರ ಡಿಸೆಂಬರಿನವರೆಗೆ ಬಾಯಿ ಬಿಡಲಿಲ್ಲ. ಎಲ್ಲಿಸರು ಅದಕ್ಕೆ ಕೆಲವೇ ವಾರಗಳ ಹಿಂದೆ ತೀರಿಕೊಂಡಿದ್ದರು. ಕಾಗದದ ಗುಟ್ಟು ಬರೆದವನ ಸೊತ್ತು, ಒಪ್ಪೋಣ. 4ರ ಘನ ಯಾರ ಸೊತ್ತು? ಅರಿವನ್ನು ಹೀಗೆ ಪೆಟ್ಟಿಗೆಯಲ್ಲಿಡುವುದು ನ್ಯಾಯವೆಂದು ನಮಗೆ ತೋರದು.

ಕಳ್ಳನೂ ಈ ಬೀಗವನ್ನೇ ಹಾಕಿಕೊಳ್ಳುವನಲ್ಲ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಅದಕ್ಕಾಗಿ ಎಲ್ಲರ ಬೀಗಕ್ಕೂ ಇನ್ನೊಂದು ಕೀಲಿಯನ್ನು ಮಾಡಿ ಅಧಿಕಾರಿಗಳಲ್ಲಿ ಇರಿಸೋಣವೆನ್ನುವವರಿದ್ದಾರೆ. ನಾವು ಒಪ್ಪಲಾರೆವು. ಆ ಕೀಲಿ ಇಂದು ಸಜ್ಜನನ ಕೈಯಲ್ಲಿರಬಹುದು. ನಾಳೆ ಯಾರ ಕೈಸೇರಿದರೂ ಬೀಗ ಹಾಗೆಯೇ ತೆರೆದುಕೊಳ್ಳುವುದು.