ಏಕಾಂತದ ಋಣ

ಬರೆಯುವವನಿಗೆ ಏಕಾಂತ ಬೇಕು ಎಂಬ ಮಾತನ್ನು ನಾವು ಹೆಚ್ಚು ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ. ಊರಿನ ಗದ್ದಲದಿಂದ ದೂರ ಗುಡ್ಡದ ಬದಿಯಲ್ಲೊಂದು ಪುಟ್ಟ ಬಿಡಾರ, ಕಿಟಕಿಯಾಚೆ ಹಸಿರು, ಮೇಜಿನ ಮೇಲೆ ಬಿಳಿಯ ಹಾಳೆ: ಈ ಚಿತ್ರ ಬರವಣಿಗೆಯ ಹಂಬಲವುಳ್ಳ ಯಾರನ್ನಾದರೂ ಸೆಳೆಯುವಂಥದು. ಈಗಂತೂ ಇದಕ್ಕೆಂದೇ ಹಣ ಕೊಟ್ಟು ತಂಗುವ ಮನೆಗಳೂ ಬರಹಗಾರರ ಶಿಬಿರಗಳೂ ಬಂದಿವೆ. ಆದರೆ ಒಬ್ಬನು ಬರೆಯಲೆಂದು ಎದ್ದು ಹೋದಾಗ ಅವನು ಬಿಟ್ಟುಹೋದ ಕೆಲಸವನ್ನು ಮಾಡುವವರು ಯಾರು? ಹಾಗೆ ಬಿಟ್ಟುಹೋಗುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಓದಿನಿಂದಲ್ಲ, ಒಂದು ಬುತ್ತಿಯಿಂದ.

ಕೆಲವು ವರ್ಷಗಳ ಹಿಂದಿನ ಬೇಸಗೆ ರಜೆಯಲ್ಲಿ ನಾನು ಅಂಥದೊಂದು ಬಿಡಾರದಲ್ಲಿ ಹತ್ತು ದಿನ ಇದ್ದೆ. ಎಣ್ಮಕಜೆಯ ಕಡೆ, ಬಂಧುಗಳೊಬ್ಬರ ಅಡಕೆ ತೋಟದ ಮೇಲ್ಭಾಗದಲ್ಲಿ, ಹಿಂದೆ ತೋಟ ಕಾಯುವವರಿಗೆಂದು ಕಟ್ಟಿದ ಒಂದೇ ಕೋಣೆಯ ಹೆಂಚಿನ ಮನೆ ಅದು. ಹಿಂಬದಿಯ ಗುಡ್ಡದೊಳಗಿನ ಸುರಂಗದಿಂದ ನೀರು ತಾನಾಗಿ ಹರಿದುಬಂದು ತೊಟ್ಟಿಗೆ ಬೀಳುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ನನ್ನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು, ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು. “ನೀವು ಹೋಗಿ ಬನ್ನಿ, ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ” ಎಂದು ಹೆಂಡತಿ ಹೇಳಿದ್ದನ್ನು ನಾನು ಒಪ್ಪಿಗೆ ಎಂದಷ್ಟೇ ತಿಳಿದುಕೊಂಡೆ. ಅದು ನನ್ನ ಹೆಸರಿಗೆ ಬರೆದ ಸಾಲವೂ ಹೌದೆಂದು ಆಗ ಹೊಳೆಯಲಿಲ್ಲ.

ತೋಟದ ಕೆಲಸಕ್ಕೆ ಬರುತ್ತಿದ್ದ ಅಕ್ಕನೊಬ್ಬರು ಮಧ್ಯಾಹ್ನ ಕೆಳಗಿನ ಮನೆಯಿಂದ ಬುತ್ತಿ ತಂದು ಜಗಲಿಯ ಮೇಲೆ ಇಟ್ಟು, “ಮಾಷ್ಟ್ರೇ, ಊಟ ಇಟ್ಟಿದ್ದೇನೆ” ಎಂದು ಮೆಲ್ಲನೆ ಹೇಳಿ ಹೋಗುತ್ತಿದ್ದರು. ಆರನೆಯ ದಿನ ಗಂಟೆ ಎರಡೂವರೆಯಾದರೂ ಬುತ್ತಿ ಬರಲಿಲ್ಲ. ಬರವಣಿಗೆಯ ಓಟ ಮುರಿಯಿತೆಂದು ನನಗೆ ಸಿಟ್ಟು ಬಂತು. ಕೊನೆಗೆ ಏದುಸಿರು ಬಿಡುತ್ತ ಬಂದ ಅವರಿಗೆ ನಾನು ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ಸಾಕಷ್ಟು ಒರಟಾಗಿತ್ತು. ಮಗಳಿಗೆ ಜ್ವರವೆಂದು ಆಸ್ಪತ್ರೆಗೆ ಹೋಗಿ, ಅಲ್ಲಿಂದ ನೇರವಾಗಿ ಅವರು ನನ್ನ ಊಟ ಹೊತ್ತು ಗುಡ್ಡ ಹತ್ತಿದ್ದರೆಂದು ಸಂಜೆ ತಿಳಿಯಿತು. ಆಗ ನಾನು ಬರೆಯುತ್ತಿದ್ದುದು ಕೂಲಿಯಾಳೊಬ್ಬಳ ಬದುಕಿನ ಕಥೆ. ಕಥೆಯೊಳಗಿನ ಹೆಂಗಸಿಗಾಗಿ ಕರಗುತ್ತಿದ್ದ ಮನಸ್ಸು ಜಗಲಿಗೆ ಬಂದ ಹೆಂಗಸಿನ ಮುಖವನ್ನು ನೋಡಿರಲೇ ಇಲ್ಲ.

ಬಿಡಾರದ ಏಕಾಂತವೆಂದರೆ ಹೆನ್ರಿ ಡೇವಿಡ್ ಥೋರೋ ನೆನಪಾಗುತ್ತಾನೆ. ಅಮೆರಿಕದ ಕಾಂಕರ್ಡ್ ಊರಿನ ಬಳಿ, ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿದ ಹತ್ತಡಿ ಅಗಲ, ಹದಿನೈದಡಿ ಉದ್ದದ ಗುಡಿಸಲಿನಲ್ಲಿ ಅವನು 1845ರ ಜುಲೈಯಿಂದ 1847ರ ಸೆಪ್ಟೆಂಬರ್‌ವರೆಗೆ ಬಾಳಿದ. ನೆಲ ಗೆಳೆಯ ಎಮರ್ಸನ್ನನದು. ಗುಡಿಸಲಿಗೆ ತಗಲಿದ್ದು 28 ಡಾಲರು ಹನ್ನೆರಡೂವರೆ ಸೆಂಟು. 1854ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಹಲಗೆ, ಮೊಳೆ, ಸುಣ್ಣಗಳ ಖರ್ಚನ್ನೂ ಅವನು ಬಿಡದೆ ಬರೆದಿದ್ದಾನೆ. ಊಟದ ಲೆಕ್ಕವೂ ಅಲ್ಲಿದೆ. ಬಟ್ಟೆ ಒಗೆಯುವ, ಹರಿದುದನ್ನು ಹೊಲಿಯುವ ಕೆಲಸದ ಬಳಿಗೆ ಬಂದಾಗ ಮಾತ್ರ, ಅದು ಬಹುಮಟ್ಟಿಗೆ ಹೊರಗೆ ನಡೆಯಿತು, ಅದರ ಬಿಲ್ಲು ಇನ್ನೂ ಕೈಸೇರಿಲ್ಲ ಎನ್ನುತ್ತಾನೆ. ಆ ವಾಕ್ಯದಲ್ಲಿ ತಮಾಷೆಯಿದೆ, ಪ್ರಾಮಾಣಿಕತೆಯೂ ಇದೆ. ಏಕಾಂತವಾಸಿಗಳೆಲ್ಲರ ಜಮಾಖರ್ಚಿನಲ್ಲಿ ಇಂಥದೊಂದು ಬಾರದ ಬಿಲ್ಲು ಇದ್ದೇ ಇರುತ್ತದೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿರುವ ಮ್ಯಾಕ್‌ಡೊವೆಲ್ ಕಲಾವಿದರ ನೆಲೆಯ ಕಥೆಯೂ ಇದನ್ನೇ ಹೇಳುತ್ತದೆ. ಸಂಗೀತ ರಚನಕಾರ ಎಡ್ವರ್ಡ್ ಮ್ಯಾಕ್‌ಡೊವೆಲ್‌ನಿಗಾಗಿ ಅವನ ಮಡದಿ ಮರಿಯನ್ ಕಾಡಿನಲ್ಲಿ ಮರದ ದಿಮ್ಮಿಗಳ ಕುಟೀರವೊಂದನ್ನು ಕಟ್ಟಿಸಿದಳು. ಅವನ ಧ್ಯಾನ ಕೆಡದಿರಲೆಂದು ಮಧ್ಯಾಹ್ನದ ಬುತ್ತಿಯನ್ನು ಬಾಗಿಲಲ್ಲಿಟ್ಟು ಸದ್ದಿಲ್ಲದೆ ಹಿಂದಿರುಗುತ್ತಿದ್ದಳು. 1907ರಲ್ಲಿ ಆರಂಭವಾದ ಆ ನೆಲೆಯಲ್ಲಿ ಕಲಾವಿದರ ಬಾಗಿಲಿಗೆ ಊಟದ ಬುಟ್ಟಿ ತಂದಿಡುವುದು ಇಂದು ಪ್ರಸಿದ್ಧ ಸಂಪ್ರದಾಯ. ಮರಿಯನ್ ಸ್ವತಃ ಪಿಯಾನೊ ವಾದಕಿ. ಗಂಡ ತೀರಿಕೊಂಡ ಮೇಲೆ ಊರೂರಿಗೆ ಹೋಗಿ ಪಿಯಾನೊ ನುಡಿಸಿ, ಹಣ ಕೂಡಿಸಿ, ದಶಕಗಳ ಕಾಲ ಇತರರ ಏಕಾಂತವನ್ನು ಕಾಯ್ದಳು. 1929ರಲ್ಲಿ ವರ್ಜೀನಿಯಾ ವುಲ್ಫ್, ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ ಐನೂರು ಪೌಂಡು ವರಮಾನವೂ ಚಿಲಕವಿರುವ ಸ್ವಂತ ಕೋಣೆಯೂ ಬೇಕೆಂದು ವಾದಿಸಿದಾಗ, ಬುತ್ತಿ ಹೊರುವವಳಿಗೂ ಒಂದು ಬಾಗಿಲು ಬೇಕೆಂದೇ ಹೇಳಿದಂತಾಯಿತು.

ನಮ್ಮ ಹಿರಿಯರು ಋಣದ ವಿಚಾರವನ್ನು ಆಳವಾಗಿ ಯೋಚಿಸಿದ್ದರು. ದೇವಋಣ, ಋಷಿಋಣ, ಪಿತೃಋಣಗಳನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ಇವುಗಳ ಜೊತೆಗೆ ಮನುಷ್ಯಋಣವನ್ನೂ ಎಣಿಸುತ್ತದೆ. ಅದು ತೀರುವುದು ಬಂದವರಿಗೆ ನೆಲೆ ಕೊಟ್ಟು ಅನ್ನವಿಕ್ಕುವುದರಿಂದ. ಓದಿ ಬರೆಯುವ ನಾವು ಋಷಿಋಣವನ್ನು ತೀರಿಸುತ್ತಿದ್ದೇವೆಂದು ಹೆಮ್ಮೆಪಡುತ್ತೇವೆ. ಅದನ್ನು ತೀರಿಸುವ ಭರದಲ್ಲಿ ನಾಲ್ಕನೆಯದು ಬೆಳೆಯುತ್ತ ಹೋಗುವುದನ್ನು ಗಮನಿಸುವುದಿಲ್ಲ.

ಹಾಗಾದರೆ ಏಕಾಂತವೇ ತಪ್ಪೇ? ಹಾಗೆನ್ನಲಾರೆ. ಎಲ್ಲರ ನಡುವೆ ಕುಳಿತು ಕಾಣಲಾಗದ ಕೆಲವು ಸತ್ಯಗಳಿವೆ. ಬಿಡಾರದ ಹಿಂದಿನ ಸುರಂಗವೇ ನನಗೆ ಇದಕ್ಕೆ ಉತ್ತರ ಹೇಳಿತು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆಯುವ ಕೆಲಸ ನಮ್ಮ ಕಡೆಯವರಿಗೆ ಹೊಸತಲ್ಲ. ಮುಂದೆ ಅಗೆಯುವವನು ಒಬ್ಬನೇ; ಆ ಇಕ್ಕಟ್ಟಿನಲ್ಲಿ ಇಬ್ಬರು ಒಟ್ಟಿಗೆ ಹಾರೆ ಹಾಕಲಾಗದು. ಆದರೆ ಅವನು ಅಗೆದ ಮಣ್ಣನ್ನು ಹೊರಗೆ ಸಾಗಿಸಲು ಇನ್ನೊಬ್ಬನಿರಲೇಬೇಕು. ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ತಿಳಿಯಲು ಮೇಣದ ಬತ್ತಿ ಹಚ್ಚಿಡುತ್ತಾರೆ. ದೀಪ ನಂದಿದರೆ ಅಗೆಯುವವನು ಹಿಂದಿರುಗಬೇಕು. ನೀರು ಸಿಕ್ಕಿದ ಮೇಲೆ ಅದು ಅಗೆದವನೊಬ್ಬನದಾಗದೆ ಮನೆಯವರಿಗೆ, ದನಕರುಗಳಿಗೆ, ತೋಟಕ್ಕೆ ಹರಿಯುತ್ತದೆ. ಏಕಾಂತಕ್ಕೂ ಇದೇ ಧರ್ಮ. ಒಳಗೆ ಹೋಗುವವನು ಮಣ್ಣು ಹೊರುವವರನ್ನು ಅರಿತಿರಬೇಕು, ದೀಪ ನಂದಿದಾಗ ಹಿಂದಿರುಗುವ ವಿವೇಕ ಇರಬೇಕು, ನೀರನ್ನು ತನ್ನದೆಂದು ಕಟ್ಟಿಡಬಾರದು. ವಾಲ್ಡನ್‌ನಲ್ಲಿದ್ದಾಗಲೇ, ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕೊಡಲೊಲ್ಲದೆ ಥೋರೋ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆದ. ಏಕಾಂತ ಅವನನ್ನು ಲೋಕದ ಹೊಣೆಯಿಂದ ಬಿಡಿಸಲಿಲ್ಲ.

ಗಡಿನಾಡಿನಲ್ಲಿ ಬರೆಯುವವರಿಗೆ ಈ ಹೊಣೆ ಇನ್ನೂ ಹತ್ತಿರದ್ದು. ಇಲ್ಲಿ ಒಂದು ಕನ್ನಡ ತರಗತಿಗೆ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋಗಬೇಕು. ಒಂದು ಅರ್ಜಿಗೆ ಕನ್ನಡದಲ್ಲಿ ಉತ್ತರ ಪಡೆಯಲು ಹತ್ತು ಸಲ ಕಚೇರಿಯ ಮೆಟ್ಟಿಲು ಹತ್ತಬೇಕು. ಇದನ್ನೆಲ್ಲ ಬೇರೆಯವರಿಗೆ ಬಿಟ್ಟು ನಾನು ಕಥೆ ಬರೆಯುತ್ತೇನೆಂದರೆ ಆ ಕಥೆಯನ್ನು ಮುಂದೆ ಓದುವವರು ಯಾರು? ಪೆರ್ಡಾಲದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಗೆ ಕವಿತಾ ಕುಟೀರವೆಂದು ಹೆಸರು. ಅದು ಲೋಕ ಬಿಟ್ಟು ಹೋಗುವ ಕುಟೀರವಾಗಿರಲಿಲ್ಲ. ಅವರು ಶಾಲೆಯಲ್ಲಿ ಪಾಠ ಹೇಳಿದರು, ಮಣ್ಣಿನಲ್ಲಿ ಬೇಸಾಯ ಮಾಡಿದರು, ಕಾಸರಗೋಡಿನ ಹೋರಾಟದಲ್ಲಿ ನಿಂತರು, ಇವುಗಳ ನಡುವೆಯೇ ಬರೆದರು. ತಮ್ಮ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಎಲ್ಲರಿಗೂ ಅಷ್ಟು ಕಸುವು ಇರುವುದಿಲ್ಲ. ದೂರ ಹೋಗಿಯೇ ಬರೆಯಬಲ್ಲವರು ಹೋಗಲಿ. ಹಿಂದಿರುಗಿದ ಮೇಲೆ ತಾವು ಬಿಟ್ಟುಹೋದ ಹೊರೆಗೆ ಹೆಗಲು ಕೊಡಲಿ.

ಹತ್ತು ದಿನ ಮುಗಿಸಿ ನಾನು ಮನೆಗೆ ಬಂದಾಗ ಕಥೆ ಅರ್ಧವಾಗಿತ್ತು. ತಾಯಿಯ ಹಾಸಿಗೆ ಚೊಕ್ಕಟವಾಗಿತ್ತು, ಹೆಂಡತಿಯ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಕಾಲೇಜಿನ ದಿನಗಳಲ್ಲಿ ಅವಳು ಕವಿತೆ ಬರೆಯುತ್ತಿದ್ದಳೆಂಬುದು ಮದುವೆಯ ಮೊದಲೇ ನನಗೆ ಗೊತ್ತಿತ್ತು. ಅದು ನಿಂತದ್ದು ಯಾವಾಗ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ. “ನಿಲ್ಲಿಸಿದ್ದೆಂದು ಇಲ್ಲ, ಹೊತ್ತು ಸಿಗಲಿಲ್ಲ” ಎಂದಳು.

ಮರುವರ್ಷದ ಬೇಸಗೆಯಲ್ಲಿ ಅವಳು ಅದೇ ಬಿಡಾರಕ್ಕೆ ಹೋದಳು. ಅಷ್ಟೂ ದಿನ ತಾಯಿಯನ್ನು ಎಬ್ಬಿಸಿ ಕೂರಿಸಿ ಗಂಜಿ ಉಣಿಸಿದವನು ನಾನು. ಮೊದಲ ಎರಡು ದಿನ ಗಂಜಿ ತಳ ಹಿಡಿಯಿತು. ತಾಯಿ ಏನೂ ಹೇಳದೆ ಉಂಡರು. ಜಗಲಿಗೆ ಬುತ್ತಿ ತರುತ್ತಿದ್ದ ಅಕ್ಕನೊಡನೆ ಅವಳು ದಿನವೂ ಕುಳಿತು ಮಾತಾಡುತ್ತಿದ್ದಳಂತೆ. ಅವಳು ಎಷ್ಟು ಬರೆದಳೆಂದು ನಾನು ಕೇಳಿಲ್ಲ. ನನ್ನ ಅರ್ಧ ಕಥೆಯನ್ನು ಮಾತ್ರ ಮೊದಲಿನಿಂದ ಮತ್ತೆ ಬರೆಯಲು ಕುಳಿತಿದ್ದೇನೆ, ಈ ಸಲ ಮನೆಯ ಊಟದ ಮೇಜಿನ ಮೇಲೆ, ಪಾತ್ರೆ ತೊಳೆದಿಟ್ಟ ಮೇಲೆ.