ಕಾರಣ ಬೇರೆ, ನೆಪ ಬೇರೆ

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಕಲಬುರಗಿಯ ಇಂಜಿನಿಯರಿಂಗ್ ಕಾಲೇಜು ಸೇರಿದವರಿಗೆ ಮೊದಲ ಸೆಮಿಸ್ಟರಿನ ಗಣಿತದಲ್ಲೇ ಪೆಟ್ಟು ಬೀಳುವುದುಂಟು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗದವರಿಗೆ ಸೀಟುಗಳನ್ನು ಮೀಸಲಿಡಲು ದಾರಿ ಮಾಡಿತು. ಆದರೆ ಶಾಲೆಯಲ್ಲಿ ಕಲಿಯದೆ ಉಳಿದದ್ದನ್ನು ಸೀಟು ತುಂಬಿಕೊಡುವುದಿಲ್ಲ.

ಹಾಗಾದರೆ ಫೇಲಾದ ಹೊಣೆ ಯಾರದು? ವ್ಯವಸ್ಥೆಯದು ಎಂದರೆ ಸುಳ್ಳಲ್ಲ. ಆದರೂ ಕಾರಣ ಬೇರೆ, ನೆಪ ಬೇರೆ. ‘ಇಂಗ್ಲಿಷ್ ಅರ್ಥವಾಗಲಿಲ್ಲ’ ಎಂದು ಪುಸ್ತಕ ಮುಚ್ಚಿದರೆ ಅದು ನೆಪ. ಅದೇ ಮಾತು ಹೇಳಿ ಪಿಯುಸಿ ಗಣಿತವನ್ನು ಮತ್ತೆ ತೆರೆದು, ತಿಳಿಯದ್ದನ್ನು ನಾಚಿಕೆ ಬಿಟ್ಟು ಸಹಪಾಠಿಯನ್ನು ಕೇಳಿದರೆ ಅದು ಕಾರಣ. ನೆಪ ಅಲ್ಲಿಗೇ ನಿಲ್ಲಿಸುತ್ತದೆ. ಕಾರಣ ಮುಂದಿನ ಕೆಲಸ ತೋರಿಸುತ್ತದೆ.

ಈ ಹೊಣೆಯಲ್ಲಿ ಮನೆಯವರಿಗೂ ಪಾಲಿದೆ. ಬೈಗುಳಕ್ಕೆ ಹೆದರುವ ಮಕ್ಕಳು ಅಂಕಪಟ್ಟಿ ಅಡಗಿಸುತ್ತಾರೆ. ಅಡಗಿಸಿದ ಗಾಯಕ್ಕೆ ಮದ್ದಿಲ್ಲ. ಉಳಿದ ವಿಷಯವನ್ನು ಮತ್ತೆ ಬರೆಯಲು ವಿಶ್ವವಿದ್ಯಾಲಯವೇ ಅವಕಾಶ ಕೊಡುತ್ತದೆ. ಒಂದು ವರ್ಷ ತೊಗರಿ ಕೈಕೊಟ್ಟಿತೆಂದು ಹೊಲ ಬಿಡದ ತಂದೆ, ಮಗಳು ಒಂದು ವಿಷಯದಲ್ಲಿ ಫೇಲಾದಳೆಂದು ಓದು ಬಿಡಿಸುವುದು ನ್ಯಾಯವೇ?