ಮುಖ ಯಾರದು?

ನೈಜೀರಿಯದ ಕಲಾವಿದ ಬೆನ್ ಎನ್ವೊನ್ವುವಿನ ಹೆಸರನ್ನು ನಮ್ಮಲ್ಲಿ ಬಲ್ಲವರು ಕಡಮೆ. ಆತ 1917ರಲ್ಲಿ ಒನಿಟ್ಶಾ ಎಂಬ ಊರಿನಲ್ಲಿ, ಇಗ್ಬೊ ಜನರ ಮನೆತನವೊಂದರಲ್ಲಿ ಹುಟ್ಟಿದವನು. ತಂದೆ ವಿಗ್ರಹಗಳನ್ನು ಕೆತ್ತುತ್ತಿದ್ದ. ಮಗ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತನಾದರೂ ತಂದೆಯ ಉಳಿಯನ್ನು ಮರೆಯಲಿಲ್ಲ. ಆತ ರೂಪಿಸಿದ ಇಬ್ಬರು ಸ್ತ್ರೀಯರ ಮುಖಗಳು ನನ್ನನ್ನು ಬಹಳ ದಿನದಿಂದ ಕಾಡುತ್ತಿವೆ. ಚಿತ್ರದಲ್ಲಿರುವ ಮುಖ ನಿಜವಾಗಿ ಯಾರದು? ಬರೆದವನದೋ, ಬರೆಸಿಕೊಂಡವಳದೋ, ನೋಡುವವರದೋ?

ಮೊದಲನೆಯವಳು ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್. 1956ರಲ್ಲಿ ಆಕೆ ನೈಜೀರಿಯಕ್ಕೆ ಹೋಗಿದ್ದಾಗ ಆಕೆಯ ಕಂಚಿನ ಪ್ರತಿಮೆಯನ್ನು ಮಾಡುವ ಕೆಲಸ ಎನ್ವೊನ್ವುವಿನ ಪಾಲಿಗೆ ಬಂತು. ಮರುವರ್ಷ ಪ್ರತಿಮೆಯನ್ನು ಕಂಡವರಲ್ಲಿ ಕೆಲವರು ಗೊಣಗಿದರು: ರಾಣಿಯ ತುಟಿಗಳು ಆಫ್ರಿಕದ ಹೆಂಗಸಿನ ತುಟಿಗಳಂತೆ ತುಂಬಿಕೊಂಡಿವೆಯಂತೆ! ನನಗೆ ನಗು ಬರುತ್ತದೆ. ಆಳುವವರ ಕಡೆಯ ಚಿತ್ರಗಾರರು ಕರಿಯರ ಮುಖಗಳನ್ನು ತಮಗೆ ತೋಚಿದಂತೆ ತಿದ್ದಿಕೊಂಡಾಗ ತುಟಿಯ ಅಳತೆ ಹಿಡಿದು ನೋಡಿದವರು ಎಷ್ಟು ಮಂದಿ? ಆದರೂ ಆ ಗೊಣಗಾಟದ ಹಿಂದೆ ಒಂದು ನ್ಯಾಯವಿದೆ. ತನ್ನ ಮುಖ ತನ್ನದಾಗಿಯೇ ಉಳಿಯಬೇಕೆಂದು ಬಯಸುವ ಹಕ್ಕು ರಾಣಿಗೂ ಉಂಟು.

ಎರಡನೆಯವಳ ವಿಷಯದಲ್ಲಿ ಈ ಮಾತನ್ನು ಎತ್ತಿದವರನ್ನು ನಾನು ಕಾಣೆ. 1973ರಲ್ಲಿ ಎನ್ವೊನ್ವು ಇಫೆ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ. ಆಗ ಅಲ್ಲಿ ಯೊರುಬಾ ರಾಜಮನೆತನದ ತರುಣಿಯೊಬ್ಬಳು ಅವನ ಕಣ್ಣಿಗೆ ಬಿದ್ದಳು. ಹೆಸರು ಅಡೆಟುಟು; ಮನೆಮಾತಿನಲ್ಲಿ ಟುಟು. ಮನೆಯವರ ಒಪ್ಪಿಗೆ ಪಡೆದು ಆತ ಅವಳ ಚಿತ್ರವನ್ನು ಬರೆದ. ಬರೆದು ತೃಪ್ತಿಯಾಗದೆ ಮತ್ತೆರಡು ಸಲ ಬರೆದ. ನಾನು ನೋಡಿರುವುದು ಅಚ್ಚಿನ ಪ್ರತಿಯನ್ನು ಮಾತ್ರ. ತಲೆಗೆ ಸುತ್ತಿದ ವಸ್ತ್ರ, ನೀಳವಾದ ಕತ್ತು, ಯಾರಿಗೂ ಬಾಗದ ಒಂದು ಶಾಂತಿ.

ಆಗಿನ್ನೂ 1967ರಿಂದ 1970ರವರೆಗಿನ ಅಂತರ್ಯುದ್ಧದ ಗಾಯ ಹಸಿಯಾಗಿತ್ತು. ಆ ಯುದ್ಧದಲ್ಲಿ ಇಗ್ಬೊ ಜನ ಕಂಡ ಹಸಿವು, ಸಾವು ಅಷ್ಟಿಷ್ಟಲ್ಲ. ಇಗ್ಬೊ ಚಿತ್ರಗಾರ, ಯೊರುಬಾ ರಾಜಕುಮಾರಿ: ಜನ ಇದರಲ್ಲಿ ಒಡೆದ ನಾಡು ಕೂಡಿಕೊಳ್ಳುವ ಗುರುತನ್ನು ಕಂಡರು. ಚಿತ್ರದ ಅಚ್ಚಿನ ಪ್ರತಿಗಳು ಮನೆಮನೆಯ ಗೋಡೆಯೇರಿದವು. ಒಳ್ಳೆಯದೇ. ಆದರೆ ರಾಣಿಯ ಪ್ರತಿಮೆಯನ್ನು ಕಂಡವರು ‘ಹೋಲುತ್ತದೆಯೇ?’ ಎಂದು ಕೇಳಿದರು. ಟುಟುವಿನ ಚಿತ್ರವನ್ನು ಕಂಡವರು ‘ಅರ್ಥವೇನು?’ ಎಂದು ಕೇಳಿದರು. ರಾಣಿ ಚಿಕ್ಕಂದಿನಿಂದಲೇ ಒಂದು ನಾಡಿನ ಗುರುತಾಗಲು ಸಿದ್ಧಳಾದವಳು. ತನ್ನ ಪಾಡಿಗೆ ತಾನಿದ್ದ ಹುಡುಗಿಯ ಮೇಲೆ ನಾಡಿನ ಭಾರವನ್ನೆಲ್ಲ ಹೊರಿಸುವುದು ಸರಿಯೇ?

ಚಿತ್ರಗಾರ ತಪ್ಪುಮಾಡಿದನೆಂದು ನಾನು ಹೇಳಲಾರೆ. ಇಫೆಯ ನೆಲದಲ್ಲೇ ಅದಕ್ಕೊಂದು ಸಮಾಧಾನವಿದೆ. ಅಲ್ಲಿ ನೂರಾರು ವರ್ಷಗಳ ಹಿಂದೆ ಎರಕಹೊಯ್ದ ಹಿತ್ತಾಳೆಯ ತಲೆಗಳು ದೊರೆತಿವೆ. ಉಸಿರಾಡುತ್ತಿವೆಯೋ ಎನ್ನುವಂಥ ಮುಖಗಳು. 1910ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಫ್ರೊಬೇನಿಯಸ್ ಇಫೆಯ ಶಿಲ್ಪಗಳನ್ನು ಕಂಡು, ಆಫ್ರಿಕದವರಿಗೆ ಇದು ಸಾಧ್ಯವಿಲ್ಲವೆಂದು ಅಟ್ಲಾಂಟಿಸಿನ ಕಥೆ ಕಟ್ಟಿದ! ಆ ತಲೆಗಳೂ ಒಮ್ಮೆ ಯಾರದೋ ಮುಖಗಳೇ ಆಗಿದ್ದಿರಬೇಕು. ಇಂದು ಹೆಸರುಗಳು ಅಳಿಸಿಹೋಗಿ ‘ಇಫೆಯ ಕಲೆ’ ಎಂಬುದಷ್ಟೇ ಉಳಿದಿದೆ. ಎನ್ವೊನ್ವು ಆ ಪರಂಪರೆಯಿಂದ ಗಾಂಭೀರ್ಯವನ್ನು ತೆಗೆದುಕೊಂಡ, ಅನಾಮಿಕತೆಯನ್ನು ಬಿಟ್ಟ. ಚಿತ್ರಕ್ಕೆ ‘ಆಫ್ರಿಕದ ಸೌಂದರ್ಯ’ ಎಂದು ಹೆಸರಿಡಬಹುದಾಗಿತ್ತು. ‘ಟುಟು’ ಎಂದು ಇಟ್ಟ. ಸಣ್ಣ ಉಪಚಾರ, ಆದರೆ ನನ್ನ ಲೆಕ್ಕದಲ್ಲಿ ದೊಡ್ಡದು.

ಮೂರು ಚಿತ್ರಗಳೂ ಕಾಣೆಯಾದವು. ಒಂದು 2017ರಲ್ಲಿ ಲಂಡನ್ನಿನ ಸಾಧಾರಣ ಮನೆಯೊಂದರಲ್ಲಿ ಸಿಕ್ಕಿತು. ಮರುವರ್ಷದ ಹರಾಜಿನಲ್ಲಿ 12 ಲಕ್ಷ ಪೌಂಡಿಗೂ ಮಿಕ್ಕಿ ಬೆಲೆ ಬಂತು. ಉಳಿದೆರಡು ಎಲ್ಲಿವೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆಗಳು ಬೆಲೆಯನ್ನು ದಪ್ಪಕ್ಷರದಲ್ಲಿ ಹಾಕಿ, ಇವಳನ್ನು ‘ಆಫ್ರಿಕದ ಮೋನಾ ಲಿಸಾ’ ಎಂದು ಕರೆದವು. ಚಿತ್ರಗಾರನೇ ಇಟ್ಟ ಹೆಸರು ಎದುರಿಗಿರುವಾಗ ಫ್ಲಾರೆನ್ಸಿನ ಹೆಂಗಸಿನ ಹೆಸರನ್ನು ಕಡ ತರಬೇಕಾದ ಅಗತ್ಯವೇನಿತ್ತೋ.